ಮೂರರ ಎಣಿಕೆಯ ಪಾಠ

ಹುಟ್ಟುಹಬ್ಬದಲ್ಲಿ ಕೇಕ್ ಕತ್ತರಿಸುವ ಹೊತ್ತಿಗೆ ಎಲ್ಲರೂ ಸೇರಿ ಹಾಡುವ ‘ಹ್ಯಾಪಿ ಬರ್ತ್‌ಡೇ’ ಬಾರದ ಮಕ್ಕಳು ಈಗ ನಮ್ಮ ಊರುಗಳಲ್ಲೂ ಅಪರೂಪ. ಆದರೆ ಆ ಹಾಡು ಎಷ್ಟರ ಎಣಿಕೆಯಲ್ಲಿದೆ ಎಂದು ಕೇಳಿದರೆ ಮಕ್ಕಳಿರಲಿ, ದೊಡ್ಡವರೂ ತಡವರಿಸುತ್ತಾರೆ. ಮೇಜಿನ ಮೇಲೆ ಬೆರಳು ಕುಟ್ಟುತ್ತ ಒಮ್ಮೆ ಹಾಡಿ ನೋಡಬಹುದು. ಮೊದಲ ಎರಡು ಅಕ್ಷರಗಳು ಎಣಿಕೆ ಶುರುವಾಗುವ ಮುಂಚೆಯೇ ಬಂದುಬಿಡುತ್ತವೆ. ‘ಒಂದು’ ಬೀಳುವುದು ಮೂರನೆಯ ಅಕ್ಷರದ ಮೇಲೆ. ಅಲ್ಲಿಂದ ಮುಂದೆ ಒಂದು-ಎರಡು-ಮೂರು, ಒಂದು-ಎರಡು-ಮೂರು ಎಂದು ಹಾಡು ತೊಟ್ಟಿಲಿನಂತೆ ತೂಗುತ್ತ ಸಾಗುತ್ತದೆ. ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುವ ಮಕ್ಕಳು ಇದನ್ನು ‘ಎಡುಪು’ ಎಂಬ ಮಾತಿನಲ್ಲಿ ಬಲ್ಲರು. ಹಾಡು ತಾಳದ ಯಾವ ಜಾಗದಲ್ಲಿ ಎತ್ತಿಕೊಳ್ಳುತ್ತದೆ ಎಂಬುದು ಅವರಿಗೆ ಮೊದಲ ವರ್ಷದಲ್ಲೇ ತಿಳಿದಿರುತ್ತದೆ. ಆದರೆ ಅದೇ ಕಿವಿಯನ್ನು ಹುಟ್ಟುಹಬ್ಬದ ಹಾಡಿನ ಕಡೆಗೆ ತಿರುಗಿಸಬಹುದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಈ ರಾಗ ಹುಟ್ಟಿದ್ದು ಶಾಲೆಯಲ್ಲಿ ಎಂಬುದು ಇನ್ನೊಂದು ಸ್ವಾರಸ್ಯ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದ ಪ್ಯಾಟಿ ಹಿಲ್ ಮತ್ತು ಅವರ ಅಕ್ಕ ಮಿಲ್ಡ್ರೆಡ್ ಹಿಲ್ ಸೇರಿ, ಬೆಳಿಗ್ಗೆ ಮಕ್ಕಳಿಗೆ ನಮಸ್ಕಾರ ಹೇಳಲು ಒಂದು ಪುಟ್ಟ ಹಾಡು ಕಟ್ಟಿದರು. ಅದು 1893ರಲ್ಲಿ ಅಚ್ಚಾಯಿತು. ಹುಟ್ಟುಹಬ್ಬದ ಮಾತುಗಳು ಆ ರಾಗಕ್ಕೆ ಬಂದು ಕೂತದ್ದು ಆಮೇಲೆ. ಈ ಹಾಡಿನ ಹಕ್ಕು ತನ್ನದೆಂದು ಕಂಪನಿಯೊಂದು ದಶಕಗಳ ಕಾಲ ಹಣ ವಸೂಲಿ ಮಾಡುತ್ತಿತ್ತು. 2015ರಲ್ಲಿ ಅಮೆರಿಕದ ನ್ಯಾಯಾಲಯ ಆ ಹಕ್ಕು ಊರ್ಜಿತವಲ್ಲ ಎಂದಿತು, ಮರುವರ್ಷದ ರಾಜಿಯೊಂದಿಗೆ ಹಾಡು ಎಲ್ಲರ ಸ್ವತ್ತಾಯಿತು. ಅದಿರಲಿ. ಶಿಶುವಿಹಾರದ ಒಬ್ಬ ಶಿಕ್ಷಕಿಗೆ ಮೂರರ ನಡೆ ಅಷ್ಟು ಸಹಜವಾಗಿ ಹೊಳೆಯಲು ಕಾರಣವಿತ್ತು. ಆ ಕಾಲದ ಅಮೆರಿಕದ ಜನಪ್ರಿಯ ಹಾಡುಗಳಲ್ಲಿ ಎಷ್ಟೋ ಇದೇ ನಡೆಯಲ್ಲಿದ್ದವು. ಅದು ವಾಲ್ಟ್ಸ್ ಎಂಬ ಯುರೋಪಿನ ಕುಣಿತದ ನಡೆ.

ಇಂಗ್ಲೆಂಡಿನ ಪ್ರೌಢಶಾಲೆಗಳ ಸಂಗೀತದ ತರಗತಿಯಲ್ಲಿ ಈ ವಾಲ್ಟ್ಸೂ ಪಾಠ, ಪಾಪ್ ಹಾಡೂ ಪಾಠ. ನಮ್ಮ ಎಸ್ಸೆಸ್ಸೆಲ್ಸಿಗೆ ಸಮನೆನ್ನಬಹುದಾದ ಜಿ.ಸಿ.ಎಸ್.ಇ. ಪರೀಕ್ಷೆಯಲ್ಲಿ ಸಂಗೀತವೂ ಒಂದು ಐಚ್ಛಿಕ ವಿಷಯ. ಎ.ಕ್ಯೂ.ಎ. ಎಂಬ ಪರೀಕ್ಷಾ ಮಂಡಲಿ 2016ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ ಒಂದು ಕಡೆ ಶೋಪಾನ್ ಮತ್ತು ಶೂಮನ್‌ರ ಪಿಯಾನೊ ಸಂಗೀತ ಇತ್ತು, ಇನ್ನೊಂದು ಕಡೆ ಬೀಟಲ್ಸ್ ತಂಡದ ಮೂರು ಹಾಡುಗಳಿದ್ದವು. ಕೇಳಿ ವಿಶ್ಲೇಷಿಸುವುದಕ್ಕೆ ನೂರಕ್ಕೆ 40 ಅಂಕ, ಹಾಡುವುದಕ್ಕೆ ಅಥವಾ ನುಡಿಸುವುದಕ್ಕೆ 30, ಸ್ವಂತವಾಗಿ ರಚಿಸುವುದಕ್ಕೆ 30. ಅಂದರೆ ವಿದ್ಯಾರ್ಥಿಯ ಕಿವಿಗೇ ಅತಿ ಹೆಚ್ಚು ಅಂಕ.

ಈ ಹೊಂದಾಣಿಕೆ ಸುಲಭವಾಗಿ ಆದದ್ದಲ್ಲ. ಶಾಲೆಯಲ್ಲಿ ಪಾಪ್ ಹಾಡು ಕಲಿಸಬಹುದೇ ಎಂಬ ಪ್ರಶ್ನೆ ಅಲ್ಲಿ ಕಾಲು ಶತಮಾನ ಬಡಿದಾಡಿದೆ. ‘ಅದನ್ನು ಮನೆಯಲ್ಲಿ ರೇಡಿಯೊ ಹಾಕಿದರೂ ಕೇಳಬಹುದು, ಶಾಲೆಗೇಕೆ ಕಳಿಸಬೇಕು?’ ಎನ್ನುವ ತಂದೆತಾಯಿ ಅಲ್ಲೂ ಇದ್ದರು, ಇಲ್ಲೂ ಇದ್ದಾರೆ. ‘ಇನ್ನೂರು ವರ್ಷ ಹಿಂದಿನ ಕುಣಿತದ ಸಂಗೀತ ನಮಗೇಕೆ?’ ಎನ್ನುವ ಮಕ್ಕಳಿಗೂ ಕೊರತೆಯಿಲ್ಲ. ಇಬ್ಬರೂ ಒಂದು ಸಂಗತಿಯನ್ನು ಮರೆತಿರುತ್ತಾರೆ. ವಾಲ್ಟ್ಸ್ ತಾನೇ ಒಂದು ಕಾಲದಲ್ಲಿ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಪಾಪ್ ಸಂಗೀತವಾಗಿತ್ತು.

ದಕ್ಷಿಣ ಜರ್ಮನಿ ಮತ್ತು ಆಸ್ಟ್ರಿಯದ ಹಳ್ಳಿಗಾಡಿನ ಕುಣಿತಗಳಿಂದ ಬೆಳೆದದ್ದು ಇದು. ಅದಕ್ಕೆ ಮುಂಚಿನ ಆಸ್ಥಾನ ನೃತ್ಯಗಳಲ್ಲಿ ಗಂಡು ಹೆಣ್ಣು ಬೆರಳ ತುದಿ ಹಿಡಿದು, ದೂರ ನಿಂತು, ಸಾಲಿನಲ್ಲಿ ಹೆಜ್ಜೆ ಹಾಕುತ್ತಿದ್ದರು. ವಾಲ್ಟ್ಸಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗಿರಗಿರನೆ ಸುತ್ತಬೇಕು. ಕೋಲಾಹಲವಾಗಲು ಅಷ್ಟು ಸಾಕಾಯಿತು. 1816ರಲ್ಲಿ ಇಂಗ್ಲೆಂಡಿನ ಯುವರಾಜ ಏರ್ಪಡಿಸಿದ್ದ ಔತಣದಲ್ಲಿ ವಾಲ್ಟ್ಸ್ ಕುಣಿದರೆಂದು ತಿಳಿದಾಗ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಸಂಪಾದಕೀಯ ಬರೆದು, ಪರದೇಶದಿಂದ ಬಂದ ಈ ಅಸಭ್ಯ ಕುಣಿತದಿಂದ ಹೆಣ್ಣುಮಕ್ಕಳನ್ನು ದೂರವಿಡಿ ಎಂದು ಹೆತ್ತವರನ್ನು ಎಚ್ಚರಿಸಿತು. ಅದಕ್ಕೂ ಮೂರು ವರ್ಷ ಹಿಂದೆ ಕವಿ ಬೈರನ್ ಬೇರೆ ಹೆಸರಿನಲ್ಲಿ ವಾಲ್ಟ್ಸನ್ನು ಗೇಲಿ ಮಾಡಿ ಒಂದು ದೀರ್ಘ ಪದ್ಯ ಪ್ರಕಟಿಸಿದ್ದ. ಪ್ರೇಮಪ್ರಸಂಗಗಳಿಗೆ ಹೆಸರಾದ ಬೈರನ್ನನೇ ನೀತಿ ಹೇಳಹೊರಟದ್ದು ವಿಚಿತ್ರ. ಅವನ ಕಾಲು ಕುಂಟಾಗಿತ್ತು, ಅವನಿಂದ ಕುಣಿಯಲಾಗುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸಿನಿಮಾ ಹಾಡಿನಿಂದ ಮಕ್ಕಳು ಕೆಡುತ್ತಾರೆ ಎಂಬ ನಮ್ಮ ಕಡೆಯ ಮಾತಿಗೂ ಆ ಸಂಪಾದಕೀಯಕ್ಕೂ ಹೆಚ್ಚು ದೂರವಿಲ್ಲ.

ತರಗತಿಯಲ್ಲಿ ಮೇಷ್ಟರಿಗೆ ಎದುರಾಗುವ ಮೊದಲ ತೊಡಕು ಬೇರೆ. ಮೂರರ ಎಣಿಕೆ ಇದ್ದ ಮಾತ್ರಕ್ಕೆ ಅದು ವಾಲ್ಟ್ಸ್ ಅಲ್ಲ. ಇಂಗ್ಲೆಂಡಿನ ರಾಷ್ಟ್ರಗೀತೆಯೂ ಮೂರರ ಎಣಿಕೆಯದೇ. ಆದರೆ ಅದನ್ನು ಕೇಳಿ ಯಾರೂ ಸುತ್ತಲು ಹೊರಡುವುದಿಲ್ಲ. ಅಲ್ಲಿ ಮೂರು ಎಣಿಕೆಗೂ ಹೆಚ್ಚುಕಡಿಮೆ ಸಮಾನ ತೂಕ, ಒಂದೊಂದು ಎಣಿಕೆಗೆ ಒಂದೊಂದು ಹೆಜ್ಜೆ. ಈ ರಾಗಕ್ಕೂ ನಮಗೂ ಹಳೆಯ ನಂಟಿದೆ. ಮದರಾಸಿನ ಬಳಿಯ ಮಣಲಿಯಲ್ಲಿದ್ದ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ನುಡಿಸುತ್ತಿದ್ದ ಮಟ್ಟುಗಳು ಮುತ್ತುಸ್ವಾಮಿ ದೀಕ್ಷಿತರ ಕಿವಿಗೆ ಬಿದ್ದವು. ಅವುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ಅವರು ಮಾಡಿದ ‘ನೊಟ್ಟುಸ್ವರ’ಗಳು ಮೂವತ್ತಕ್ಕೂ ಹೆಚ್ಚು. ಅವುಗಳಲ್ಲಿ ‘ಸಂತತಂ ಪಾಹಿಮಾಂ’ ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟಿನಲ್ಲೇ ಇದೆ. ನಮ್ಮ ಎಷ್ಟೋ ಸಂಗೀತ ಶಾಲೆಗಳಲ್ಲಿ ಮಕ್ಕಳು ನೊಟ್ಟುಸ್ವರಗಳನ್ನು ಹಾಡುತ್ತಲೇ ಇದ್ದಾರೆ.

ವಾಲ್ಟ್ಸಿನ ಗುರುತು ಎಡಗೈಯಲ್ಲಿದೆ. ಪಿಯಾನೊ ನುಡಿಸುವವರ ಎಡಗೈ ‘ಒಂದು’ ಎನ್ನುವಾಗ ಮಂದ್ರದ ಒಂದು ಸ್ವರವನ್ನು ಒತ್ತಿ, ‘ಎರಡು-ಮೂರು’ ಎನ್ನುವಾಗ ಮೇಲೆ ಹಾರಿ ಹಗುರವಾಗಿ ಎರಡು ಬಾರಿ ಕಾರ್ಡ್ ನುಡಿಸುತ್ತದೆ. ಭಾರ, ಹಗುರ, ಹಗುರ. ಈ ಗುರುತು ಸಿಕ್ಕ ಮೇಲೆ ಮೂರರ ಎಣಿಕೆಯ ಇತರ ನೃತ್ಯಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಪೋಲೆಂಡಿನ ಮಜುರ್ಕಾ ಕೂಡ ಮೂರರದೇ, ಆದರೆ ಅದರಲ್ಲಿ ಒತ್ತು ಎರಡನೆಯ ಅಥವಾ ಮೂರನೆಯ ಎಣಿಕೆಗೆ ಜಾರುತ್ತದೆ. ವಾಲ್ಟ್ಸಿಗಿಂತ ಹಿಂದಿನ ಮಿನುಯೆಟ್‌ನ ನಡಿಗೆ ಗಂಭೀರ.

ಕನ್ನಡದ ಹೈಸ್ಕೂಲು ವಿದ್ಯಾರ್ಥಿಗೆ ಇದು ತೀರ ಹೊಸದೆನಿಸಬೇಕಾಗಿಲ್ಲ. ಛಂದಸ್ಸಿನ ಪಾಠದಲ್ಲಿ ಮೂರು ಮಾತ್ರೆಯ ಗಣಗಳ ಉತ್ಸಾಹ ರಗಳೆ, ನಾಲ್ಕರ ಮಂದಾನಿಲ, ಐದರ ಲಲಿತ ಎಂದು ಅವನು ಪ್ರಸ್ತಾರ ಹಾಕಿರುತ್ತಾನೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆತೂ ಬಿಡುತ್ತಾನೆ. ಏಕೆಂದರೆ ಗಣ ವಿಭಾಗವನ್ನು ಅವನು ಪೆನ್ಸಿಲಿನಿಂದ ಗೆರೆ ಎಳೆದು ಕಲಿತಿರುತ್ತಾನೆಯೇ ಹೊರತು ಬಾಯಿ ಬಿಟ್ಟು ಹಾಡಿ ಕಲಿತಿರುವುದಿಲ್ಲ. ಹಾಗೆ ನೋಡಿದರೆ ರಷ್ಯದ ಚೈಕೋವ್‌ಸ್ಕಿ 1893ರಲ್ಲಿ ಬರೆದ ತನ್ನ ಆರನೆಯ ಸಿಂಫನಿಯಲ್ಲಿ ವಾಲ್ಟ್ಸಿನ ಹಾಗೆ ತೇಲುವ, ಆದರೆ ಮೂರರ ಬದಲು ಐದರ ಎಣಿಕೆಯಲ್ಲಿರುವ ಒಂದು ಭಾಗವನ್ನು ಇಟ್ಟಿದ್ದಾನೆ. ಕುಂಟುವ ವಾಲ್ಟ್ಸ್ ಎಂದು ಯುರೋಪಿನವರು ಅದನ್ನು ಕರೆಯುವುದುಂಟು. ಲಲಿತ ರಗಳೆ ಓದಿ ಬಲ್ಲವರ ಕಿವಿಗೆ ಅದರಲ್ಲಿ ಕುಂಟು ಕಾಣಬೇಕಾದ ಕಾರಣವಿಲ್ಲ.

ಇನ್ನು ಶೋಪಾನ್. ಪೋಲೆಂಡಿನಿಂದ ಹೊರಟ ಇಪ್ಪತ್ತರ ಈ ತರುಣ 1830ರ ಕೊನೆಯಲ್ಲಿ ವಿಯೆನ್ನಾ ಸೇರಿದಾಗ ಅಲ್ಲಿ ಹಿರಿಯ ಜೊಹಾನ್ ಸ್ಟ್ರಾಸ್ ಮತ್ತು ಲಾನರ್ ಎಂಬಿಬ್ಬರ ವಾಲ್ಟ್ಸುಗಳ ಹುಚ್ಚು ಊರಿಗೆಲ್ಲ ಹಿಡಿದಿತ್ತು. ಈ ಜನಕ್ಕೆ ಬೇರೆ ಏನೂ ಬೇಡವಾಗಿದೆ ಎಂಬ ಅಸಮಾಧಾನ ಅವನ ಪತ್ರಗಳಲ್ಲಿದೆ. ಆಮೇಲೆ ಪ್ಯಾರಿಸ್ಸಿನಲ್ಲಿ ಕುಳಿತು ಅವನೇ ವಾಲ್ಟ್ಸುಗಳನ್ನು ಬರೆದ. ಬದುಕಿದ್ದಾಗ ಪ್ರಕಟಿಸಿದ್ದು ಎಂಟು. ಅವು ಕುಣಿಯುವುದಕ್ಕಲ್ಲ, ಕೂತು ಕೇಳುವುದಕ್ಕೆ. ಅವುಗಳಲ್ಲಿ ಒಂದನ್ನು ಕುರಿತು ಶೂಮನ್, ಇದಕ್ಕೆ ಕುಣಿಯುವ ಹೆಂಗಸರಲ್ಲಿ ಅರ್ಧದಷ್ಟಾದರೂ ಜಹಗೀರುದಾರರ ಮನೆಯವರಾಗಿರಬೇಕು ಎಂದು ತಮಾಷೆ ಮಾಡಿದ್ದ. ಆ ವಾಲ್ಟ್ಸ್ 1840ರದು, 42ನೆಯ ಕೃತಿ. ಅದರಲ್ಲಿ ಎಡಗೈ ಮೂರರಲ್ಲಿ ಎಣಿಸುತ್ತಿರುವಾಗ ಬಲಗೈಯ ರಾಗ ಅದೇ ಅವಧಿಯನ್ನು ಎರಡು ಸಮಭಾಗ ಮಾಡಿಕೊಂಡು ನಡೆಯುತ್ತದೆ. ಮೃದಂಗದವರು ಗತಿ ಬದಲಿಸಿದಾಗ ಸಭೆಯಲ್ಲಿ ತಾಳ ಹಾಕುವವರು ಗಲಿಬಿಲಿಗೊಳ್ಳುವ ಹಾಗೆಯೇ ಇಲ್ಲೂ ಆಗುತ್ತದೆ. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪು ಮೂರು ತಟ್ಟುವಷ್ಟರಲ್ಲಿ ಇನ್ನೊಂದು ಎರಡು ತಟ್ಟುವಂತೆ ಹೇಳಿದರೆ, ಹತ್ತು ನಿಮಿಷ ಗದ್ದಲವಾದರೂ ಶೋಪಾನ್ ಏನು ಮಾಡಿದ್ದಾನೆಂಬುದು ಮೈಗೆ ತಿಳಿಯುತ್ತದೆ.

ಆದರೆ ಶಾಲೆಗೆ ಹೇಳಿ ಮಾಡಿಸಿದಂತಿರುವುದು 1847ರಲ್ಲಿ ಪ್ರಕಟವಾದ 64ನೆಯ ಕೃತಿಯ ಎರಡನೆಯ ವಾಲ್ಟ್ಸ್. ನುಡಿಸಲು ಮೂರೂವರೆ ನಿಮಿಷ ಸಾಕು, ಒಂದು ಸಿನಿಮಾ ಹಾಡಿಗಿಂತ ಉದ್ದವೇನಲ್ಲ. ಅದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ತಡೆತಡೆದು ನಿಟ್ಟುಸಿರಿಡುವಂಥದು. ಎರಡನೆಯದು ವೇಗವಾಗಿ ಸುರುಳಿ ಬಿಚ್ಚಿದಂತೆ ಓಡುವಂಥದು. ಮೂರನೆಯದು ನಿಧಾನದ್ದು, ಬೆಳಕು ತುಂಬಿದ್ದು. ಇವು ಯಾವ ಅನುಕ್ರಮದಲ್ಲಿ ಬರುತ್ತವೆ ಎಂದು ಮೇಷ್ಟರು ಕೇಳುತ್ತಾರೆ. ಹೆಸರು, ಇಸವಿ, ಪಾರಿಭಾಷಿಕ ಪದ ಏನೂ ಬೇಡ. ಕೇಳುತ್ತ ಕೇಳುತ್ತ ಬಣ್ಣದ ಚೀಟಿಗಳನ್ನು ಜೋಡಿಸಿದರೆ ಸಾಕು. ಮೊದಲನೆಯದು, ಎರಡನೆಯದು, ಮೂರನೆಯದು, ಮತ್ತೆ ಎರಡನೆಯದು, ಮತ್ತೆ ಮೊದಲನೆಯದು, ಕೊನೆಗೆ ಎರಡನೆಯದು. ಹೀಗೆ ಜೋಡಿಸಿಟ್ಟ ಮೇಲೆ ಎರಡನೆಯ ಭಾಗದ ಚೀಟಿ ಮೂರು ಸಲ ಬಂದಿರುವುದು ಕಣ್ಣಿಗೇ ಕಾಣುತ್ತದೆ. ಬೇರೆ ಬೇರೆ ಭಾಗಗಳಿಂದ ಅಲ್ಲಿಗೇ ಹಿಂದಿರುಗುವುದು. ‘ಇದು ಪಲ್ಲವಿಯಲ್ಲವೇ?’ ಎಂದು ನಮ್ಮ ಮಕ್ಕಳಾದರೆ ಕೇಳಿಯಾರು. ಪೂರ್ತಿ ಹೌದು ಎನ್ನಲಾಗದು, ಏಕೆಂದರೆ ಪಲ್ಲವಿಯಿಂದ ಹಾಡು ಶುರುವಾಗುತ್ತದೆ, ಇಲ್ಲಿ ಹಾಗಿಲ್ಲ. ಇಂಗ್ಲಿಷ್ ಪಾಪ್ ಹಾಡಿನಲ್ಲಿ ಮಾತ್ರ ಚರಣ ಮೊದಲು ಬಂದು ಪಲ್ಲವಿ ಆಮೇಲೆ ಬರುವುದೇ ವಾಡಿಕೆ. ಪಾಪ್ ಹಾಡು ಕೇಳಿ ಬೆಳೆದ ಹುಡುಗನಿಗೆ ಶೋಪಾನ್ ಇಲ್ಲಿಂದ ಹತ್ತಿರವಾಗುತ್ತಾನೆ.

ಜನಪ್ರಿಯ, ಶಾಸ್ತ್ರೀಯ ಎಂಬ ಗೆರೆ ಎಷ್ಟು ತೆಳುವೆಂಬುದಕ್ಕೆ ಕಿರಿಯ ಜೊಹಾನ್ ಸ್ಟ್ರಾಸನ ‘ನೀಲಿ ಡ್ಯಾನ್ಯೂಬ್’ ಸಾಕ್ಷಿ. ಈಗ ವಾದ್ಯವೃಂದಗಳು ನುಡಿಸುವ ಈ ವಾಲ್ಟ್ಸ್ 1867ರ ಫೆಬ್ರವರಿ 15ರಂದು ವಿಯೆನ್ನಾದಲ್ಲಿ ಮೊದಲು ಕೇಳಿಸಿದ್ದು ಹಾಡಾಗಿ, ಗಂಡಸರ ಗಾನವೃಂದದ ಬಾಯಲ್ಲಿ. ಹಿಂದಿನ ವರ್ಷವಷ್ಟೇ ಆಸ್ಟ್ರಿಯ ಪ್ರಷ್ಯದ ಕೈಯಲ್ಲಿ ಯುದ್ಧ ಸೋತು ಊರು ಕಳೆಗುಂದಿತ್ತು. ಜನರನ್ನು ನಗಿಸಲೆಂದೇ ಹಾಸ್ಯದ ಸಾಹಿತ್ಯ ಬರೆಸಿದ್ದರು. ಅದೇ ವರ್ಷ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಮಾತಿಲ್ಲದೆ ನುಡಿಸಿದಾಗ ಅದು ಲೋಕಪ್ರಸಿದ್ಧವಾಯಿತು. ಗಂಭೀರ ಸಂಗೀತಕ್ಕೆ ಹೆಸರಾದ ಬ್ರಾಮ್ಸ್, ಸ್ಟ್ರಾಸನ ಮನೆಯ ಹೆಣ್ಣುಮಗಳೊಬ್ಬಳು ಬೀಸಣಿಗೆಯ ಮೇಲೆ ಹಸ್ತಾಕ್ಷರ ಕೇಳಿದಾಗ, ಈ ವಾಲ್ಟ್ಸಿನ ಮೊದಲ ಸ್ವರಗಳನ್ನು ಬರೆದು, ದುರದೃಷ್ಟವಶಾತ್ ಇದು ತನ್ನದಲ್ಲ ಎಂಬರ್ಥದ ಸಾಲು ಸೇರಿಸಿ ಸಹಿ ಹಾಕಿದನಂತೆ.

ಅಲ್ಲಿಂದ ಅಮೆರಿಕದ ಹಾಡುಗಳಿಗೆ ಒಂದೇ ಹೆಜ್ಜೆ. 1892ರಲ್ಲಿ ಅಚ್ಚಾದ ಚಾರ್ಲ್ಸ್ ಹ್ಯಾರಿಸನ ‘ಆಫ್ಟರ್ ದ ಬಾಲ್’ ಎಂಬ ವಾಲ್ಟ್ಸ್ ಹಾಡಿನ ಸ್ವರಲಿಪಿ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ರೆಕಾರ್ಡುಗಳ ಕಾಲ ಇನ್ನೂ ಬಂದಿರದಿದ್ದುದರಿಂದ ಜನ ಹಾಡನ್ನು ಕಾಗದದ ಮೇಲೆ ಕೊಂಡು ಮನೆಯ ಪಿಯಾನೊ ಮುಂದೆ ಹಾಡಿಕೊಳ್ಳುತ್ತಿದ್ದರು. ಆ ಮೇಲೆ ನಾಲ್ಕರ ಎಣಿಕೆ ಪಾಪ್ ಸಂಗೀತವನ್ನು ಆವರಿಸಿತು. ಮೂರರ ನಡೆ ವಿಶೇಷ ಸಂದರ್ಭಕ್ಕೆಂದು ತೆಗೆದಿಟ್ಟ ರೇಷ್ಮೆಯಂತಾಯಿತು. ತೊಟ್ಟಿಲು, ಕನಸು, ಹಳೆಯ ನೆನಪು ಇವಕ್ಕೆ ಮಾತ್ರ.

ಎ.ಕ್ಯೂ.ಎ. ಪಠ್ಯದಲ್ಲಿದ್ದ ಬೀಟಲ್ಸ್ ಹಾಡುಗಳಲ್ಲಿ ಒಂದಾದ ‘ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. 1967ರ ಹಾಡು. ಜಾನ್ ಲೆನನ್‌ನ ಪುಟ್ಟ ಮಗ ಶಿಶುವಿಹಾರದಿಂದ ಬಿಡಿಸಿಕೊಂಡು ಬಂದ ಚಿತ್ರದಿಂದ ಈ ಹೆಸರು ಹುಟ್ಟಿತೆಂದು ಲೆನನ್ ಹೇಳುತ್ತಿದ್ದ. ಚರಣಗಳು ಕನಸಿನಂತಿವೆ, ಅವುಗಳ ನಡೆ ಮೂರರದು. ಕೆಳಗೆ ಮಂದ್ರದ ಸ್ವರ ಮೆಟ್ಟಿಲಿಳಿದಂತೆ ಒಂದೊಂದೇ ಹೆಜ್ಜೆ ಇಳಿಯುತ್ತದೆ. ಹಾಗೆ ತೇಲುತ್ತಿದ್ದ ಹಾಡು ಡ್ರಮ್ಮಿನ ಒಂದೆರಡು ಬಲವಾದ ಪೆಟ್ಟಿನೊಂದಿಗೆ ಪಲ್ಲವಿಗೆ ಬಂದ ಕೂಡಲೇ ನಾಲ್ಕರ ಎಣಿಕೆಗೆ ಜಿಗಿಯುತ್ತದೆ. ಆಧಾರ ಶ್ರುತಿಯೂ ಬದಲಾಗಿರುತ್ತದೆ. ಪುಸ್ತಕದಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದು ಬಾಯಿಪಾಠ ಮಾಡಿಸಬಹುದು. ಅಥವಾ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, ಹಾಡಿಗೆ ತಕ್ಕಂತೆ ಅತ್ತಿತ್ತ ತೂಗಿ ಎನ್ನಬಹುದು. ಪಲ್ಲವಿ ಬಂದಾಗ ಇಡೀ ತರಗತಿ ಎಡವುತ್ತದೆ. ‘ಎಲ್ಲಿ ಎಡವಿದಿರಿ? ಯಾಕೆ?’ ಎಂದು ಕೇಳುವುದೇ ವಿಶ್ಲೇಷಣೆ. ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಪಕ್ಕಪಕ್ಕದಲ್ಲೇ ಬೆಸೆದುಕೊಂಡಿರುವ ಗಣಗಳನ್ನು ಗಮಕಿಗಳ ಬಾಯಲ್ಲಿ ಕೇಳಿದವರು ಇಷ್ಟು ಎಡವಲಿಕ್ಕಿಲ್ಲ. ಅಂದಹಾಗೆ ಈ ಪಠ್ಯಕ್ರಮದ ಮೊದಲ ಪರೀಕ್ಷೆ ನಡೆದ 2018ರಲ್ಲಿ ಆ ಹಾಡಿಗೆ 51 ವರ್ಷ ತುಂಬಿತ್ತು. ಮಕ್ಕಳ ಅಭಿರುಚಿಗೆ ಹತ್ತಿರವಾಗಲಿ ಎಂದು ಶಾಲೆ ತಂದ ಪಾಪ್ ಹಾಡು ಅವರ ಅಜ್ಜಂದಿರ ಕಾಲದ್ದು!

ಇಂಥ ಪಾಠಕ್ಕೆ ಎರಡು ಕಡೆಯಿಂದಲೂ ಆಕ್ಷೇಪವಿದೆ. ಪಾಪ್ ಹಾಡಿನ ಜೀವ ಇರುವುದು ಅದರ ಕಾರ್ಡುಗಳಲ್ಲಲ್ಲ, ಹಾಡುವವನ ದನಿಯಲ್ಲಿ, ಧ್ವನಿಮುದ್ರಣದ ಕೈಚಳಕದಲ್ಲಿ, ಅದನ್ನು ಕಾಗದದ ಮೇಲೆ ಹುಡುಕುವುದು ವ್ಯರ್ಥ ಎನ್ನುತ್ತಾರೆ ಕೆಲವರು. ಮಾತು ನಿಜ. ‘ಲೂಸಿ’ಯಲ್ಲಿ ಲೆನನ್‌ನ ದನಿ ಅಷ್ಟು ವಿಚಿತ್ರವಾಗಿ ಕೇಳಲು ಕಾರಣ ಟೇಪಿನ ವೇಗವನ್ನು ಬದಲಿಸಿ ಮುದ್ರಿಸಿದ್ದು. ಯಾವ ಸ್ವರಲಿಪಿಯಲ್ಲೂ ಅದು ಕಾಣದು. ಆದರೆ ವಾಲ್ಟ್ಸಿನ ಜೀವವಾದರೂ ಕಾಗದದಲ್ಲಿದೆಯೇ? ವಿಯೆನ್ನಾದ ವಾದಕರು ಮೂರು ಎಣಿಕೆಗಳನ್ನು ಸಮವಾಗಿ ನುಡಿಸುವುದಿಲ್ಲ. ಎರಡನೆಯದನ್ನು ಕೂದಲೆಳೆಯಷ್ಟು ಬೇಗ ತರುತ್ತಾರೆ. ಆ ಒಲಪು ಇಲ್ಲದಿದ್ದರೆ ವಾಲ್ಟ್ಸ್ ಕವಾಯತಾಗುತ್ತದೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಶೋಪಾನ್‌ನ ವಾಲ್ಟ್ಸುಗಳಲ್ಲಿ ಬಲಗೈ ತುಸು ತಡೆದು, ತುಸು ಮುಂದೋಡಿ ಆಡುವ ಆಟವೂ ಹಾಗೆಯೇ. ಗಮಕವಿಲ್ಲದೆ ಬರೀ ಸ್ವರ ಓದಿದರೆ ತೋಡಿ ತೋಡಿಯಾಗದು ಎಂಬುದು ನಮ್ಮಲ್ಲಿ ಪಾಠಕ್ಕೆ ಕೂತ ಮಗುವಿಗೂ ಗೊತ್ತು. ಹಾಗಾಗಿ ಎರಡಕ್ಕೂ ಬೇಕಾದದ್ದು ಒಂದೇ, ಕೇಳುವ ಕಿವಿ. ಯಾವುದನ್ನು ಕಲಿಸಬೇಕೆಂಬ ಜಗಳದಲ್ಲಿ ಇದು ಮರೆಯಾಗಿಬಿಡುತ್ತದೆ.

ಜಗಳದ ಚರಿತ್ರೆಯೂ ಸಣ್ಣದಲ್ಲ. 1976ರಲ್ಲಿ ಗ್ರಹಾಂ ವಲಿಯಮಿ ಮತ್ತು ಎಡ್ ಲೀ ಸಂಪಾದಿಸಿದ ‘ಪಾಪ್ ಮ್ಯೂಸಿಕ್ ಇನ್ ಸ್ಕೂಲ್’ ಪುಸ್ತಕ ಹೊರಬಂದಾಗ ಶಾಲೆಯ ಬಾಗಿಲು ಪಾಪ್ ಹಾಡಿಗೆ ಅರೆ ತೆರೆದಿತ್ತಷ್ಟೆ. 1988ರಲ್ಲಿ ಜಿ.ಸಿ.ಎಸ್.ಇ. ಪರೀಕ್ಷೆ ಮೊದಲ ಬಾರಿಗೆ ನಡೆದಾಗ ನುಡಿಸುವುದು, ರಚಿಸುವುದು, ಕೇಳುವುದು ಮೂರೂ ಸೇರಿದವು. ಆದರೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ತರಲು ಹೊರಟಾಗ ಕಿಡಿ ಹಾರಿತು. ಸರ್ ಜಾನ್ ಮ್ಯಾಂಡುಯೆಲ್ ನೇತೃತ್ವದ ಸಮಿತಿ 1991ರಲ್ಲಿ ಕೊಟ್ಟ ವರದಿ ಮಕ್ಕಳು ಕೈಯಾರೆ ಮಾಡಿ ಕಲಿಯುವುದಕ್ಕೆ ಮಹತ್ವ ಕೊಟ್ಟಿತ್ತು. ಸರ್ಕಾರದ ಕಡೆಯವರು ಅದನ್ನು ತಿದ್ದಿ, ಯುರೋಪಿನ ಶಾಸ್ತ್ರೀಯ ಸಂಗೀತದ ಚರಿತ್ರೆಗೆ ತೂಕ ಹೆಚ್ಚಿಸಲು ಹೊರಟರು. ವಾದ್ಯವೃಂದ ನಿರ್ದೇಶಕ ಸೈಮನ್ ರ‍್ಯಾಟಲ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಜೀವಮಾನವೆಲ್ಲ ಶಾಸ್ತ್ರೀಯ ಸಂಗೀತದಲ್ಲೇ ಕಳೆಯುವವರೇ ಹಾಗೆ ವಿರೋಧಿಸಿದ್ದು ಗಮನಾರ್ಹ. ಕೊನೆಗೆ 1992ರಲ್ಲಿ ಒಂದು ರಾಜಿಯಾಯಿತು.

ಆ ಮೇಲೆ ಲಂಡನ್ನಿನ ಶಿಕ್ಷಣ ಸಂಶೋಧಕಿ ಲೂಸಿ ಗ್ರೀನ್ ಬೇರೊಂದು ಪ್ರಶ್ನೆ ಎತ್ತಿದರು. ಏನನ್ನು ಕಲಿಸುತ್ತೀರಿ ಎಂಬುದಿರಲಿ, ಹೇಗೆ ಕಲಿಯುತ್ತಾರೆ ನೋಡಿ ಎಂಬುದು ಅವರ ಮಾತು. ಪಾಪ್ ಸಂಗೀತಗಾರರು ಕಲಿಯುವುದು ಮೇಷ್ಟರಿಂದಲ್ಲ, ಗೆಳೆಯರೊಂದಿಗೆ ಕೂತು, ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ, ಅನುಕರಿಸಿ ಎಂದು 2001ರ ಪುಸ್ತಕದಲ್ಲಿ ತೋರಿಸಿಕೊಟ್ಟರು. 2003ರಲ್ಲಿ ಆರಂಭವಾದ ‘ಮ್ಯೂಸಿಕಲ್ ಫ್ಯೂಚರ್ಸ್’ ಯೋಜನೆಯಲ್ಲಿ ಈ ವಿಧಾನವನ್ನು ಶಾಲೆಗಳಿಗೆ ತಂದರು. ಮಕ್ಕಳು ಮೊದಲು ತಮಗೆ ಬೇಕಾದ ಹಾಡನ್ನು ಕಿವಿಯಿಂದಲೇ ಹೆಕ್ಕಿ ನುಡಿಸಿದರು. ಆಮೇಲೆ ಶಾಸ್ತ್ರೀಯ ತುಣುಕುಗಳನ್ನೂ ಅದೇ ರೀತಿ ಕೊಡಲಾಯಿತು. ಮೊದಲು ಮುಖ ಸಿಂಡರಿಸಿದವರಲ್ಲಿ ಎಷ್ಟೋ ಮಂದಿ ಕೈಯಾರೆ ನುಡಿಸಿದ ಮೇಲೆ ಮನಸ್ಸು ಬದಲಿಸಿದರು. ಕೇಳಿ, ಅನುಕರಿಸಿ, ತಪ್ಪಿ, ತಿದ್ದಿಕೊಂಡು ಕಲಿಯುವುದು ಭಾರತದ ಗುರುಮನೆಗಳಲ್ಲಿ ನಡೆದುಬಂದ ಕ್ರಮವೇ. ಅದಕ್ಕೆ ಲಂಡನ್ನಿನಲ್ಲಿ ಸಂಶೋಧನೆ ಬೇಕಾಯಿತೆಂದು ನಗುವುದು ಸುಲಭ. ಆದರೆ ನಮ್ಮಲ್ಲಿ ಆ ಕ್ರಮ ಗುರುವಿನ ಮನೆ ಹೊಸ್ತಿಲು ದಾಟಿ ಸಾಮಾನ್ಯ ಶಾಲೆಯ ನಲವತ್ತು ಮಕ್ಕಳ ತರಗತಿಗೆ ಬಂದದ್ದು ತೀರ ಕಡಿಮೆ.

ಇದರಲ್ಲಿ ನಿಜವಾಗಿ ಕಳೆದುಕೊಳ್ಳುವವರು ಯಾರು ಎಂಬುದನ್ನು ಹೆತ್ತವರು ಯೋಚಿಸಬೇಕು. ಇಂಗ್ಲೆಂಡಿನಲ್ಲೂ ದುಡ್ಡು ಕೊಟ್ಟು ಖಾಸಗಿ ಪಿಯಾನೊ ಪಾಠಕ್ಕೆ ಹೋಗುವ ಮಗು ಏಳೆಂಟು ವರ್ಷಕ್ಕೇ ಸ್ವರಲಿಪಿ ಓದುತ್ತದೆ. ಹೋಗಲಾಗದ ಮಗುವಿಗೆ ಸಂಗೀತದ ಬಾಗಿಲು ಶಾಲೆಯೊಂದೇ. ಶೋಪಾನ್‌ನನ್ನು ಸ್ವರಲಿಪಿ ಬಲ್ಲವರಿಗೆ ಮಾತ್ರ ಎಂದು ಕಲಿಸಿದರೆ ಈ ಎರಡನೆಯ ಮಗು ಹೊರಗೆ ಉಳಿಯುತ್ತದೆ. ಅದಕ್ಕೆ ಪಾಪ್ ಹಾಡು ಮಾತ್ರ ಸಾಕು ಎಂದರೆ ಇನ್ನೊಂದು ಬಗೆಯಲ್ಲಿ ಹೊರಗೆ ಉಳಿಯುತ್ತದೆ, ಮುಂದೆ ಕಾಲೇಜಿನಲ್ಲಿ ಸಂಗೀತ ಓದಬೇಕೆಂದರೆ ದಾರಿಯಿರುವುದಿಲ್ಲ. ಸಾಲದ್ದಕ್ಕೆ 2010ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳನ್ನು ಅಳೆಯಲು ತಂದ ಮುಖ್ಯ ವಿಷಯಗಳ ಪಟ್ಟಿಯಲ್ಲಿ ಸಂಗೀತ ಇರಲಿಲ್ಲ. ಆ ನಂತರದ ದಶಕದಲ್ಲಿ ಸಂಗೀತ ಆರಿಸಿಕೊಳ್ಳುವವರ ಸಂಖ್ಯೆ ಇಳಿಯಿತು. ಅಂಕ ತರದ ವಿಷಯ ಮೊದಲು ವೇಳಾಪಟ್ಟಿಯಿಂದ ಹೋಗುತ್ತದೆ, ಆಮೇಲೆ ಮೇಷ್ಟರು ಹೋಗುತ್ತಾರೆ. ಕರ್ನಾಟಕದ ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರು, ಮಂಗಳೂರುಗಳಲ್ಲಿ ಲಂಡನ್ನಿನ ಮಂಡಲಿಗಳ ಪಿಯಾನೊ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ಸಾಕಷ್ಟಿದ್ದಾರೆ. ಗ್ರೇಡಿಗೆ ಮೂರು ತುಣುಕು, ವರ್ಷವೆಲ್ಲ ಆ ಮೂರೇ. ಅದರಲ್ಲೊಂದು ವಾಲ್ಟ್ಸ್ ಆಗಿದ್ದರೆ ಅದು ಕುಣಿಯುವ ಸಂಗೀತವೆಂಬುದನ್ನೂ ತಿಳಿಯದೆ, ತಪ್ಪಿಲ್ಲದೆ ನುಡಿಸಿ ಸರ್ಟಿಫಿಕೇಟು ತಂದ ಮಕ್ಕಳಿದ್ದರೆ ಆಶ್ಚರ್ಯವಿಲ್ಲ. ವಿಶ್ಲೇಷಣೆಯ ಪಾಠಕ್ಕೂ ಇದೇ ರೋಗ ತಗಲುತ್ತದೆ. ‘ಕಾಲಪ್ರಮಾಣ ಯಾವುದು? ವಾದ್ಯ ಯಾವುದು?’ ಎಂಬ ಪ್ರಶ್ನೆಗಳಿಗೆ ಗೈಡಿನಿಂದ ಉತ್ತರ ಉರುಹೊಡೆದವನು ಹಾಡನ್ನು ಕೇಳದೆಯೂ ಪಾಸಾಗುವ ದಾರಿ ಹುಡುಕಿಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಮುಂಚೆ ಕೇಳಿರದ ತುಣುಕುಗಳನ್ನೂ ಕೇಳಿಸುವುದು ಇದಕ್ಕೇ. ಆಗ ಗೈಡು ನೆರವಿಗೆ ಬಾರದು.

ಮನೆಯಲ್ಲೇ ಪ್ರಯತ್ನಿಸಬಯಸುವವರಿಗೆ ಪಿಯಾನೊ ಬೇಕಿಲ್ಲ. ನಮ್ಮ ಭಾವಗೀತೆಗಳಲ್ಲಿ ಆರು ಮಾತ್ರೆಯ ದಾದ್ರಾ ತಾಳದ್ದು ಎಷ್ಟೋ ಇವೆ. ಮೂರು ಮತ್ತು ಮೂರು ಎಂದು ಅದು ಒಡೆಯುತ್ತದೆ. ಅಂಥದೊಂದನ್ನು ಕೇಳುತ್ತ ಎಣಿಸಿ, ಬೆನ್ನಿಗೇ ಒಂದು ವಾಲ್ಟ್ಸ್ ಕೇಳಿ, ಭಾರ ಎಲ್ಲಿ ಬೀಳುತ್ತದೆ, ಹಗುರ ಎಲ್ಲಿ, ಎರಡರ ನಡುವೆ ಏನು ವ್ಯತ್ಯಾಸ ಎಂದು ಮಕ್ಕಳೊಂದಿಗೆ ವಾದ ಮಾಡಬಹುದು. ವಾಲ್ಟ್ಸಿಗಾಗಿ ಹುಡುಕಾಡಬೇಕಾಗಿಯೂ ಇಲ್ಲ. ಪ್ರತಿ ಜನವರಿ 1ರಂದು ವಿಯೆನ್ನಾದ ಹೊಸವರ್ಷದ ಕಛೇರಿ ಹಲವು ದೇಶಗಳಿಗೆ ಪ್ರಸಾರವಾಗುತ್ತದೆ. ಕೊನೆಯಲ್ಲಿ ‘ನೀಲಿ ಡ್ಯಾನ್ಯೂಬ್’ನ ಮೊದಲ ಸ್ವರಗಳು ಮೆಲ್ಲಗೆ ಕೇಳುತ್ತಿದ್ದಂತೆ ಸಭೆ ಚಪ್ಪಾಳೆ ತಟ್ಟುತ್ತದೆ, ನಿರ್ದೇಶಕರು ನಿಲ್ಲಿಸುತ್ತಾರೆ, ವಾದಕರೆಲ್ಲ ಹೊಸವರ್ಷದ ಶುಭಾಶಯ ಹೇಳಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಅದು ನುಡಿಯುವಷ್ಟು ಹೊತ್ತು ಸಭೆ ತೆಪ್ಪಗೆ ಕೂತಿರುತ್ತದೆ. ಬೆನ್ನಿಗೇ ಬರುವ ಹಿರಿಯ ಸ್ಟ್ರಾಸನ ‘ರಾಡೆಟ್ಸ್‌ಕಿ ಮಾರ್ಚ್’ಗೆ ಮಾತ್ರ ಅದೇ ಸಭೆ ಎದ್ದುಬಿದ್ದು ಚಪ್ಪಾಳೆಯಲ್ಲಿ ತಾಳ ಹಾಕುತ್ತದೆ. ಅದು ಸಿಪಾಯಿಗಳ ನಡಿಗೆ, ಎಡ-ಬಲ, ಎಡ-ಬಲ ಎಂದು ಎರಡರ ಎಣಿಕೆ. ಮೂರರದಕ್ಕೆ ಸುಮ್ಮನಿದ್ದವರು ಎರಡರದಕ್ಕೆ ಏಕೆ ಕೈ ತಟ್ಟಿದರು ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಹಾಕಿ, ಅವರ ಉತ್ತರ ಬರುವವರೆಗೆ ದೊಡ್ಡವರು ಬಾಯಿ ಬಿಡದಿದ್ದರಾಯಿತು.